ಹಗೇವಿನೊಳಗೆ ಇಳಿದ ದೀಪ: ಧೋಂಡಿಯ ವಾಘನ ಸೀಮೆಯಲ್ಲಿ ನಾಲ್ಕು ದಿನ

ಮೊದಲನೆಯ ದಿನ

ಶಿಕಾರಿಪುರದ ಪೂರ್ವಕ್ಕೆ, ಮಲೆನಾಡಿನ ಕಾಡು ತೆಳುವಾಗುತ್ತ ಬಯಲುಸೀಮೆ ಶುರುವಾಗುವ ಸೆರಗಿನಲ್ಲಿ, ಎರಡು ಬೀದಿ, ಒಂದು ಸಂತೆಮಾಳ, ಒಂದು ಹೈಸ್ಕೂಲು ಮತ್ತು ಒಂದು ಹಳೆಯ ಕೆರೆ ಇರುವ ಸಣ್ಣ ಪೇಟೆಯೊಂದಿದೆ. ಸುಗ್ಗಿ ಮುಗಿದು ಮೆಕ್ಕೆಜೋಳದ ಕಣಗಳು ಖಾಲಿಯಾದ ಮೇಲೆ ಆ ಊರಿನವರು, ಟಿಪ್ಪು ಸತ್ತ ಮೇಲೆ ಈ ಸೀಮೆಯಲ್ಲಿ ದಂಡು ಕಟ್ಟಿ ಲೂಟಿ ಮಾಡುತ್ತ ಇಂಗ್ಲಿಷರನ್ನು ಎದುರಿಸಿದ ಧೋಂಡಿಯ ವಾಘನ ನೆನಪಿನಲ್ಲಿ ಎರಡು ದಿನಗಳ ಊರಹಬ್ಬ ನಡೆಸುತ್ತಾರೆ. ಅಲ್ಲಿನ ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರು ನನ್ನ ತಂದೆಯವರ ಕಾಲದಿಂದಲೂ ನಮ್ಮ ಮನೆಗೆ ಬೇಕಾದವರು. ಮೂರು ವರ್ಷಗಳಿಂದ ಕರೆಯುತ್ತಿದ್ದ ಅವರ ಮಾತನ್ನು ಈ ವರ್ಷ ಮೀರಲಾಗದೆ, ಕಾಲೇಜಿನಲ್ಲಿ ಓದುತ್ತಿರುವ ಅಕ್ಕನ ಮಗನನ್ನು ಜೊತೆಗೆ ಕರೆದುಕೊಂಡು ಹೊರಟೆ. ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ಹೊರಗಿನ ಪ್ರಚಾರಕ್ಕಾಗಿ ನಡೆಯುವ ಹಬ್ಬವಲ್ಲ, ಹಾಗೆ ಆಗುವುದು ಅವರಿಗೆ ಇಷ್ಟವೂ ಇಲ್ಲ.

ಹೊರಡುವ ಮೊದಲು ಶಿವಮೊಗ್ಗದಲ್ಲೇ ನೋಡಬೇಕಾದದ್ದೊಂದಿತ್ತು. ತುಂಗೆಯ ದಡದ ಕೋಟೆ ಬೀದಿಯಲ್ಲಿರುವ ಶಿವಪ್ಪನಾಯಕ ಅರಮನೆಯನ್ನು ಹೆಚ್ಚಿನವರು ಅದರ ಮರದ ಕಂಬಗಳಿಗಾಗಿ ನೋಡುತ್ತಾರೆ. ನಾನು ಹೋಗುವುದು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರುವ ವೀರಗಲ್ಲುಗಳಿಗಾಗಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ಅದೇ ವೀರ, ನೆತ್ತಿಯ ಮೇಲೆ ಸೂರ್ಯ ಚಂದ್ರರು. ಇಂಥ ಕಲ್ಲುಗಳು ಈ ಜಿಲ್ಲೆಯ ಕೆರೆ ಏರಿಗಳ ಮೇಲೆ, ದೇವಸ್ಥಾನಗಳ ಹಿಂದೆ, ಹೊಲದ ಬದುಗಳಲ್ಲಿ ಹೇರಳವಾಗಿವೆ, ಮತ್ತು ಅವುಗಳಲ್ಲಿ ಬಹಳಷ್ಟು ತುರುಗೊಳ್ ಕಲ್ಲುಗಳು. ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯಲು ಹೋಗಿ ಸತ್ತವನಿಗೆ ಊರು ನಿಲ್ಲಿಸಿದ ಕಲ್ಲು ಅದು. ದನ ಹೊಡೆದುಕೊಂಡು ಹೋದವನಿಗೆ ಆ ಊರು ಕಲ್ಲು ನಿಲ್ಲಿಸಲಿಲ್ಲ. ಲೂಟಿಕೋರನೊಬ್ಬನ ಹೆಸರಿನ ಹಬ್ಬಕ್ಕೆ ಹೊರಟವನಾದ ನಾನು ಈ ವಿಷಯವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡು ಹೋಗಬೇಕೆಂದು ಅಂದುಕೊಂಡಿದ್ದೆ.

ಹೊಳೆಹೊನ್ನೂರಿನ ದಾರಿಯಾಗಿ ಚನ್ನಗಿರಿ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕು ಅತ್ತ ಸೇರಿತು, ಆದರೆ ಊರಿನ ಹೆಸರು ಇಂದಿಗೂ ಕೆಳದಿಯ ಚೆನ್ನಮ್ಮಾಜಿಯದೇ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಆ ರಾಣಿಯ ಹೆಸರಿನ ಊರಿನಲ್ಲೇ, ಮರಾಠಾ ಮೂಲದ ಪವಾರ್ ಮನೆತನದಲ್ಲಿ ಧೋಂಡಿಯ ಹುಟ್ಟಿದ. ವಾಘ ಎಂದರೆ ಹುಲಿ. ಅವನ ಮನೆ ಎಲ್ಲಿತ್ತೆಂದು ತೋರಿಸುವ ಗುರುತೇನೂ ಊರಿನಲ್ಲಿಲ್ಲ. ನಾವು ಬೆಟ್ಟದ ಕೋಟೆಯನ್ನು ಹತ್ತಿ, ಒಳಗಿನ ರಂಗನಾಥನಿಗೆ ಕೈಮುಗಿದು, ಹೊಂಡದ ಮೆಟ್ಟಿಲ ಮೇಲೆ ಕುಳಿತೆವು. ಸುತ್ತಲೂ ಕಣ್ಣು ಹಾಯುವಷ್ಟು ದೂರ ಅಡಿಕೆ ತೋಟಗಳು, ಅವುಗಳ ಆಚೆ ಬೋಳುಗುಡ್ಡಗಳು. ಅಲ್ಲಿ ಕುಳಿತು ಹುಡುಗನಿಗೆ ಧೋಂಡಿಯನ ಬಾಳಿನ ಕಥೆಯನ್ನು ನನಗೆ ತಿಳಿದಷ್ಟು ಹೇಳಿದೆ.

ಹೈದರಾಲಿಯ ಅಶ್ವದಳದಲ್ಲಿ ಸವಾರನಾಗಿದ್ದವನು, ಟಿಪ್ಪುವಿನ ಕಾಲದಲ್ಲಿ ಮೂರನೆಯ ಮೈಸೂರು ಯುದ್ಧ ನಡೆಯುತ್ತಿದ್ದಾಗ ಸೈನ್ಯವನ್ನು ಬಿಟ್ಟು, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಲಕ್ಷ್ಮೇಶ್ವರದ ಕಡೆಗೆ ಓಡಿದ. 1793ರ ಹೊತ್ತಿಗೆ ಹಾವೇರಿ, ಸವಣೂರುಗಳನ್ನು ಹಿಡಿಯುವಷ್ಟು ಜನ ಅವನ ಬೆನ್ನಿಗಿದ್ದರು. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ ಅವನನ್ನು ಸೋಲಿಸಿ ಅಟ್ಟಿದಾಗ 1794ರಲ್ಲಿ ಮತ್ತೆ ಟಿಪ್ಪುವಿನ ಬಳಿಗೇ ಬಂದ. ಅಲ್ಲಿ ಅವನನ್ನು ಇಸ್ಲಾಮಿಗೆ ಸೇರಿಸಿ, ಮಲಿಕ್ ಜಹಾನ್ ಖಾನ್ ಎಂದು ಹೆಸರಿಟ್ಟರು. ಕೊನೆಗೆ ಶ್ರೀರಂಗಪಟ್ಟಣದ ಸೆರೆಮನೆಗೆ ತಳ್ಳಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ ಸೆರೆಮನೆಯ ಬಾಗಿಲು ತೆರೆಯಿತು. ಹೊರಗೆ ಬಂದವನು ನೇರವಾಗಿ ತನ್ನ ಸೀಮೆಗೆ ಬಂದ. ಅನ್ನವಿಲ್ಲದೆ ನಿಂತಿದ್ದ ಟಿಪ್ಪುವಿನ ಸವಾರರು ಒಬ್ಬೊಬ್ಬರಾಗಿ ಅವನನ್ನು ಸೇರಿಕೊಂಡರು, ಬಿದನೂರಿನ ಸೀಮೆ ಬಹುಪಾಲು ಅವನ ಕೈಗೆ ಬಂತು. ಅವನು ತನ್ನನ್ನು ಉಭಯಲೋಕಾಧೀಶ್ವರನೆಂದು ಕರೆದುಕೊಂಡ.

ಇದೆಲ್ಲವನ್ನೂ ಕೇಳಿದ ಹುಡುಗ, "ಮಾವ, ಸಂಬಳ ನಿಂತುಹೋದ ಸೈನಿಕರೇ ಅವನ ದಂಡಾದರು ಅಂದ ಹಾಗಾಯಿತಲ್ಲವೇ?" ಎಂದ. ಕಥೆಯ ಬೇರು ಅಲ್ಲಿಯೇ ಇದೆಯೆಂದು ನನಗೂ ಅನ್ನಿಸುತ್ತದೆ. ಒಂದು ರಾಜ್ಯ ಬಿದ್ದು ಇನ್ನೊಂದು ನೆಲೆಯೂರುವುದರ ನಡುವಿನ ಕೆಲವು ತಿಂಗಳುಗಳಲ್ಲಿ ಕುದುರೆ ಮತ್ತು ಕತ್ತಿಯ ಹೊರತು ಬೇರೇನೂ ಗೊತ್ತಿಲ್ಲದ ಸಾವಿರಾರು ಜನ ಹೊಟ್ಟೆಗೆ ದಾರಿ ಹುಡುಕುತ್ತಿದ್ದರು. ಆ ದಾರಿಯಲ್ಲಿದ್ದದ್ದು ನಮ್ಮ ಊರುಗಳು.

ಎರಡನೆಯ ದಿನ

ಬೆಳಿಗ್ಗೆ ಶಿವಮೊಗ್ಗದಿಂದ ಶಿಕಾರಿಪುರದ ಬಸ್ಸು ಹಿಡಿದು ಹೊರಟೆವು. ಸವಳಂಗದ ಕೆರೆ ಬರುವಷ್ಟರಲ್ಲಿ ಗಾಳಿಯ ತಂಪು ಇಳಿದು, ಅಡಿಕೆಯ ಜಾಗಕ್ಕೆ ಜೋಳದ ಹೊಲ ಬಂದಿರುತ್ತದೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಇದೇ ಸೀಮೆಯಲ್ಲಿದೆ. ಬಸ್ಸಿನಲ್ಲಿ ಅತ್ತ ಹೋಗುವ ಲಂಬಾಣಿ ಕುಟುಂಬಗಳೇ ಹೆಚ್ಚಾಗಿದ್ದವು.

ಹತ್ತು ಗಂಟೆಗೆ ಊರು ಸೇರಿದಾಗ ಡೊಳ್ಳು ಆಗಲೇ ಸಂತೆಮಾಳದಲ್ಲಿ ಶುರುವಾಗಿತ್ತು. ಮೇಷ್ಟ್ರು ಬಿಳಿ ಪಂಚೆಯುಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು, ಕೈಯಲ್ಲಿ ಒಂದು ನೋಟುಪುಸ್ತಕ ಹಿಡಿದು ಓಡಾಡುತ್ತಿದ್ದರು. "ಬನ್ನಿ ಬನ್ನಿ, ಮೊದಲು ತಿಂಡಿ, ಆಮೇಲೆ ಧೋಂಡಿಯ" ಎಂದು ನಮ್ಮನ್ನು ಶಾಲೆಯ ಜಗಲಿಗೆ ಕರೆದುಕೊಂಡು ಹೋದರು. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಹಸಿ ಖಾರದ ಚಟ್ನಿ, ಲೋಟ ತುಂಬ ಮಜ್ಜಿಗೆ.

ಮೆರವಣಿಗೆಯ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ, ಊರಹಬ್ಬದ ಮೆರವಣಿಗೆಗಳು ಎಲ್ಲ ಕಡೆಯೂ ಒಂದೇ ರೀತಿ ಇರುತ್ತವೆ. ಮುಂದೆ ಡೊಳ್ಳು, ಅದರ ಹಿಂದೆ ವೀರಗಾಸೆ, ಆಮೇಲೆ ಶಾಲೆಯ ಮಕ್ಕಳು, ಕೊನೆಗೆ ಅಲಂಕರಿಸಿದ ಎರಡು ಕುದುರೆಗಳ ಮೇಲೆ ಧೋಂಡಿಯನ ವೇಷದವನು ಮತ್ತು ಅವನ ಸರದಾರ. ಗಮನಿಸಬೇಕಾದದ್ದು ಕುದುರೆಗಳ ಮುಂದೆ ನಡೆದು ಹೋಗುತ್ತಿದ್ದ ಒಂದು ಗುಂಪನ್ನು. ಹನ್ನೆರಡು ಜನ ಹೆಂಗಸರು ತಲೆಯ ಮೇಲೆ ಖಾಲಿ ಬುಟ್ಟಿಗಳನ್ನು ಹೊತ್ತಿದ್ದರು. ಬುಟ್ಟಿಗಳನ್ನು ಬೋರಲು ಹಾಕಿ ಹೊತ್ತಿದ್ದರಿಂದ ಅವು ಖಾಲಿಯೆಂಬುದು ದೂರಕ್ಕೂ ಕಾಣುತ್ತಿತ್ತು. ಮೇಷ್ಟ್ರು ಹೇಳಿದ ಪ್ರಕಾರ ಹಬ್ಬದ ಮೊದಲ ವರ್ಷ ಬರೀ ಕುದುರೆ ಮತ್ತು ಕತ್ತಿ ಇದ್ದವು. ಅದನ್ನು ನೋಡಿದ ಊರಿನ ಹಿರಿಯ ಹೆಂಗಸೊಬ್ಬರು, ಅವನ ಕುದುರೆ ತಿಂದದ್ದು ನಮ್ಮ ಜೋಳವನ್ನೇ ಅಲ್ಲವೇನಪ್ಪ, ನಮ್ಮನ್ನು ಎಲ್ಲಿ ಇಟ್ಟಿದ್ದೀರಿ ಎಂದು ಸಭೆಯಲ್ಲೇ ಎದ್ದು ಕೇಳಿದರಂತೆ. ಮರುವರ್ಷದಿಂದ ಬುಟ್ಟಿಗಳು ಮುಂದೆ, ಕುದುರೆಗಳು ಹಿಂದೆ.

ಮಧ್ಯಾಹ್ನ ಶಾಲೆಯ ಕೋಣೆಗಳಲ್ಲಿ ಪ್ರದರ್ಶನವಿತ್ತು. ಹಳೆಯ ಭರ್ಜಿ, ಕುದುರೆಯ ಲಾಳ, ಧಾನ್ಯ ಅಳೆಯುವ ಸೇರು ಪಾವುಗಳು, ಎತ್ತಿನ ಬೆನ್ನಿಗೆ ಹೇರುವ ಗೋಣಿಯ ಚೀಲಗಳು. ಆ ಚೀಲಗಳ ಹಿಂದೆ ಕುಳಿತಿದ್ದವರು ಪಕ್ಕದ ತಾಂಡಾದ ನಾಯಕರು. ಅವರ ಹಿರಿಯರು ಸಾವಿರಾರು ಎತ್ತುಗಳ ಮೇಲೆ ಉಪ್ಪು ಮತ್ತು ಧಾನ್ಯ ಹೇರಿಕೊಂಡು ಊರೂರು ಸುತ್ತಿದವರು. ದಂಡು ಯಾರದೇ ಆಗಲಿ, ಅದರ ಹೊಟ್ಟೆ ತುಂಬಿಸುತ್ತಿದ್ದವರು ಅವರೇ. ಇಂಗ್ಲಿಷರ ಸೇನಾಪತಿ ಆರ್ಥರ್ ವೆಲ್ಲೆಸ್ಲಿ 1800ರಲ್ಲಿ ಧೋಂಡಿಯನ ಬೆನ್ನು ಹತ್ತಿದಾಗ ಅವನ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಚಿಂತೆ ಎತ್ತುಗಳದು, ಅಕ್ಕಿಯದು ಮತ್ತು ಈ ಬಂಜಾರರದು. ಧಾನ್ಯ ಬರದಿದ್ದರೆ ಅವನ ಸೈನ್ಯ ಒಂದು ಹೆಜ್ಜೆಯನ್ನೂ ಮುಂದಿಡುವಂತಿರಲಿಲ್ಲ. "ನಮ್ಮವರಿಗೆ ಎರಡೂ ಕಡೆಯ ಭಯ, ಸಾಹೇಬರೇ. ಈ ದಂಡಿಗೆ ಕೊಟ್ಟರೆ ಆ ದಂಡು ಸುಲಿಯುತ್ತಿತ್ತು" ಎಂದರು ನಾಯಕರು, ಚೀಲದ ಹೊಲಿಗೆಯ ಮೇಲೆ ಬೆರಳಾಡಿಸುತ್ತ. ಸೆಣಬಿನ ದಾರದಿಂದ ಒತ್ತಾಗಿ ಹಾಕಿದ ಆ ಹೊಲಿಗೆಯಲ್ಲಿ ಕಾಳು ಸೋರುವಷ್ಟು ಸಂದು ಎಲ್ಲಿಯೂ ಇರಲಿಲ್ಲ.

ರಾತ್ರಿ ಹಾವೇರಿ ಕಡೆಯ ಲಾವಣಿಕಾರರ ಮೇಳ. ದಪ್ಪು, ತುಂತುಣಿ, ತಾಳಗಳ ನಡುವೆ ಮುಮ್ಮೇಳದವನು ಕಥೆ ಎತ್ತಿದರೆ ಹಿಮ್ಮೇಳದವರು ಜೀ ಜೀ ಎಂದು ಹಿಡಿಯುತ್ತಿದ್ದರು. ಅವರು ಹಾಡಿದ್ದು ಗೋಖಲೆಯ ಸಾವಿನ ಪ್ರಸಂಗ. ತನ್ನನ್ನು ಸೋಲಿಸಿ ಓಡಿಸಿದ ಧೋಂಡೋಪಂತ ಗೋಖಲೆಯ ನೆತ್ತರಿನಲ್ಲಿ ಮೀಸೆ ಅದ್ದುತ್ತೇನೆಂದು ಧೋಂಡಿಯ ಆಣೆಯಿಟ್ಟಿದ್ದನೆಂದೂ, 1800ರ ಜೂನ್ ಕೊನೆಯಲ್ಲಿ ಕಿತ್ತೂರಿನ ಸಮೀಪ ಅವನನ್ನು ಕೊಂದು ಆಣೆ ತೀರಿಸಿಕೊಂಡನೆಂದೂ ಹೇಳುತ್ತಾರೆ. ಗೋಖಲೆ ಸತ್ತದ್ದು ಇತಿಹಾಸ. ಮೀಸೆಯ ಮಾತು ಜನರ ಬಾಯಲ್ಲಿ ಉಳಿದದ್ದು. ಆ ಸಾಲಿಗೆ ಬಂದಾಗ ದಪ್ಪಿನವನು ಬಾರಿಸುವುದನ್ನು ಒಮ್ಮೆಲೇ ನಿಲ್ಲಿಸಿದ. ತುಂತುಣಿಯ ಒಂದೇ ತಂತಿ ಮಿಡಿಯುತ್ತಿತ್ತು. ಅಷ್ಟು ಹೊತ್ತು ಸಿಳ್ಳೆ ಹಾಕುತ್ತಿದ್ದ ಹುಡುಗರೂ ಸುಮ್ಮನಾದರು. ಹಾಡಿಕೆಗೆ ಈ ಶಕ್ತಿಯಿದೆ, ಮತ್ತು ಈ ಶಕ್ತಿಯೇ ನನಗೆ ಸ್ವಲ್ಪ ಅಳುಕನ್ನೂ ತರುತ್ತದೆ. ಎರಡು ಗಂಟೆಯ ಹಾಡಿಕೆಯಲ್ಲಿ ನನ್ನ ಮನಸ್ಸೂ ಪೂರ್ತಿಯಾಗಿ ಧೋಂಡಿಯನ ಕಡೆಗೆ ವಾಲಿತ್ತು.

ಮೂರನೆಯ ದಿನ

ಬೆಳಿಗ್ಗೆ ಮೇಷ್ಟ್ರು ತಮ್ಮ ಮಗನ ಕಾರಿನಲ್ಲಿ ನಮ್ಮನ್ನು ಶಿಕಾರಿಪುರಕ್ಕೆ ಕರೆದುಕೊಂಡು ಹೋದರು. ಹುಚ್ಚುರಾಯಸ್ವಾಮಿಯ ದರ್ಶನ ಮಾಡದೆ ಈ ಸೀಮೆಯಿಂದ ಯಾರೂ ಹಿಂದಿರುಗುವುದಿಲ್ಲ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಈ ಮೂವರು ಹನುಮರನ್ನು ಒಂದೇ ದಿನದಲ್ಲಿ ನೋಡಬೇಕೆಂಬ ಹರಕೆ ಹೊತ್ತವರು ನಾಲ್ಕಾರು ಜನ ಸರದಿಯಲ್ಲಿ ನಮ್ಮ ಮುಂದೆಯೇ ನಿಂತಿದ್ದರು.

ದೇವಸ್ಥಾನದಿಂದ ಹೊರಗೆ ಬಂದು ನಿಂತಾಗ ಮೇಷ್ಟ್ರು 1799ರ ಆಗಸ್ಟ್ ತಿಂಗಳನ್ನು ನೆನಪಿಸಿದರು. ಇಂಗ್ಲಿಷರ ಎರಡು ದಂಡುಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಧೋಂಡಿಯನನ್ನು ಒತ್ತರಿಸಿದವು. ಶಿಕಾರಿಪುರದ ಬಳಿ ಸೋತ ಅವನು ಉತ್ತರಕ್ಕೆ, ಮರಾಠರ ಸೀಮೆಗೆ ತಪ್ಪಿಸಿಕೊಂಡ. ಆಗ ಮಳೆಗಾಲ, ಕುಮುದ್ವತಿ ತುಂಬಿ ಹರಿಯುವ ಕಾಲ. ಒದ್ದೆ ಕುದುರೆಗಳ ಮೇಲೆ ಓಡಿಹೋದವನು ಒಂದು ವರ್ಷ ಕಳೆಯುವ ಮೊದಲೇ ಮತ್ತೆ ದೊಡ್ಡ ದಂಡು ಕಟ್ಟಿಕೊಂಡು ಎದ್ದು ನಿಂತ. ಬಟೇವಿಯದ (ಇಂದಿನ ಜಕಾರ್ತಾ) ಮೇಲಿನ ದಂಡಯಾತ್ರೆಯ ನಾಯಕತ್ವ ತಾನಾಗಿ ಬಂದಾಗಲೂ ವೆಲ್ಲೆಸ್ಲಿ ಅದನ್ನು ಬಿಟ್ಟು ಇವನ ಬೆನ್ನು ಹತ್ತಬೇಕಾಯಿತು. ಸಿಕ್ಕಿದಲ್ಲಿ ಮೊದಲ ಮರಕ್ಕೇ ನೇಣು ಹಾಕಬೇಕೆಂದು ಮದರಾಸಿನಿಂದ ಆದೇಶ ಬಂದಿತ್ತು. ವಿಚಾರಣೆಯ ಮಾತೇ ಅದರಲ್ಲಿರಲಿಲ್ಲ. ಕಾನೂನಿನ ಹೊರಗಿದ್ದವನನ್ನು ಹಿಡಿಯಲು ಹೊರಟವರು ಕಾನೂನನ್ನು ಎಷ್ಟರಮಟ್ಟಿಗೆ ಇಟ್ಟುಕೊಂಡಿದ್ದರೆಂಬುದನ್ನು ಈ ಆದೇಶದಿಂದಲೇ ಅಳೆಯಬಹುದು ಎಂದು ಮೇಷ್ಟ್ರು ಬಹಳ ಬೇಸರದಿಂದ ಹೇಳಿದರು.

ಮರಳುವ ಮೊದಲು ಈಸೂರಿಗೆ ಹೋದೆವು. ಧೋಂಡಿಯನಿಗೂ ಈಸೂರಿಗೂ ಸಂಬಂಧವೇನೆಂದು ಹುಡುಗ ಕೇಳಿದ, ಸಂಬಂಧವಿಲ್ಲವೆಂದೇ ಮೇಷ್ಟ್ರು ಉತ್ತರಿಸಿದರು. ಅವರು ನಮಗೆ ತೋರಿಸಬೇಕೆಂದಿದ್ದುದು ಆ ವ್ಯತ್ಯಾಸವನ್ನೇ. 1942ರ ಸೆಪ್ಟೆಂಬರಿನಲ್ಲಿ ಈಸೂರಿನವರು ತಮ್ಮ ಊರು ಸ್ವತಂತ್ರವೆಂದು ಸಾರಿ, ತಮ್ಮದೇ ಸರ್ಕಾರ ರಚಿಸಿ, ಹುಡುಗರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಘೋಷಣೆ ಆಗಿನದು. ಅಧಿಕಾರಿಗಳು ಬಂದಾಗ ನಡೆದ ಘರ್ಷಣೆಯಲ್ಲಿ ಸರ್ಕಾರದ ಕಡೆಯ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತರು. ಆಮೇಲೆ ಊರಿನ ಮೇಲೆ ಪಡೆಗಳು ಬಂದವು, ಜನ ಮನೆ ಬಿಟ್ಟು ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಅಂದಿನ ಸರ್ಕಾರದ ಕಡತಗಳಲ್ಲಿ ಇವರೂ ಅಪರಾಧಿಗಳೇ. ಆದರೆ ಇವರು ಯಾವ ಊರಿನ ಕಾಳನ್ನೂ ಹೊತ್ತುಕೊಂಡು ಹೋದವರಲ್ಲ. ಹಬ್ಬದ ವೇದಿಕೆಯ ಮೇಲೆ ಈ ಐವರ ಹೆಸರನ್ನು ಧೋಂಡಿಯನ ಹೆಸರಿನ ಜೊತೆಗೆ ಸೇರಿಸಿ ಹೇಳಬೇಕೆಂದು ಕೆಲವರು ಒತ್ತಾಯಿಸಿದಾಗ ಮೇಷ್ಟ್ರು ಒಪ್ಪಲಿಲ್ಲವಂತೆ. ಹುತಾತ್ಮರ ಸ್ಮಾರಕದ ಮುಂದೆ ನಿಂತಾಗ ಅವರ ನಿಲುವು ಸರಿಯೆಂದು ನನಗೂ ಅನ್ನಿಸಿತು.

ಊರಿಗೆ ಮರಳಿದ್ದು ಮಧ್ಯಾಹ್ನ ಮೂರಕ್ಕೆ. ಆ ಹೊತ್ತಿಗೆ ಕೆಳಗಿನ ಬೀದಿಯ ಒಂದು ಮನೆಯ ಮುಂದೆ ಊರಿನ ಅರ್ಧ ಜನ ಸೇರಿದ್ದರು. ಅದು ಹಬ್ಬಕ್ಕೆ ಬಂದವರೆಲ್ಲರೂ ಕಾಯುವ ಗಳಿಗೆ. ಆ ಮನೆಯ ಅಂಗಳದಲ್ಲಿ ಒಂದು ಹಳೆಯ ಹಗೇವು ಇದೆ. ವರ್ಷಕ್ಕೊಮ್ಮೆ ಅದರ ಬಾಯಿ ತೆಗೆಯುತ್ತಾರೆ.

ಹಗೇವು ನೋಡದ ಹೊಸಬರಿಗೆ ಹೇಳುವುದಾದರೆ, ಅದು ನೆಲದಡಿಯ ಕಣಜ. ಗಟ್ಟಿ ನೆಲ ನೋಡಿ, ಒಬ್ಬ ಮನುಷ್ಯ ಮಾತ್ರ ಇಳಿಯುವಷ್ಟು ಕಿರಿದಾದ ಬಾಯಿ ತೋಡಿ, ಕೆಳಗೆ ಹೋದ ಹಾಗೆ ಹರವಿಯ ಹೊಟ್ಟೆಯಂತೆ ಅಗಲ ಮಾಡುತ್ತಾರೆ. ಒಳಗೋಡೆಯನ್ನು ಮಣ್ಣು, ಸಗಣಿಯಿಂದ ಮೆತ್ತಿ ಒಣಗಿಸಿ, ತಳಕ್ಕೂ ಬದಿಗೂ ಒಣಹುಲ್ಲು ಹಾಸಿ ಕಾಳು ಸುರಿಯುತ್ತಾರೆ. ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ, ಸಂದಿಗೆ ಕೆಸರು ಮೆತ್ತಿ, ಮೇಲೆ ಮಣ್ಣು ಎಳೆದರೆ ಅದರ ಮೇಲೆ ಗಾಡಿ ಹೋದರೂ ಕೆಳಗೆ ಒಂದು ಸಂಸಾರದ ಅನ್ನ ಇದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಗಾಳಿ ಆಡದ ಕಾರಣ ಹುಳ ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲಕ್ಕೂ ಅದೇ ಕಾಪು, ದಂಡು ಬಂದಾಗಲೂ ಅದೇ ಕಾಪು.

ಮನೆಯ ಅಜ್ಜಿ ಮೊದಲು ಕಲ್ಲಿಗೆ ಅರಿಶಿನ ಕುಂಕುಮ ಇಟ್ಟರು. ಇಬ್ಬರು ಯುವಕರು ಹಾರೆ ಹಾಕಿ ಚಪ್ಪಡಿಯನ್ನು ಪಕ್ಕಕ್ಕೆ ಸರಿಸಿದರು. ಒಳಗಿನಿಂದ ಬಂದದ್ದು ಹಳೆಯ ಹುಲ್ಲಿನ ವಾಸನೆಯಲ್ಲ. ಕಾಳು ಕಾವು ಕಟ್ಟಿದಾಗ ಬರುವ ಮೂಗು ಹಿಡಿಯುವ ವಾಸನೆ. ಬೇಸಾಯ ಬಲ್ಲವರು ಬಾಯಿ ತೆಗೆದ ಕೂಡಲೇ ಹಗೇವಿಗೆ ಇಳಿಯುವುದಿಲ್ಲ. ಮುಚ್ಚಿಟ್ಟ ಕಾಳು ಒಳಗಿನ ಉಸಿರನ್ನೆಲ್ಲ ತಿಂದು ಕೆಟ್ಟ ಗಾಳಿ ಬಿಟ್ಟಿರುತ್ತದೆ, ಆತುರಪಟ್ಟು ಇಳಿದವರು ಅಲ್ಲೇ ಕುಸಿದು ಪ್ರಾಣ ಬಿಟ್ಟದ್ದುಂಟು. ಅಜ್ಜಿ ಹಣತೆಗೆ ಎಣ್ಣೆ ಹಾಕಿ, ಬತ್ತಿ ಹೊತ್ತಿಸಿ, ಅದನ್ನು ಒಂದು ಸಣ್ಣ ತಟ್ಟೆಯಲ್ಲಿಟ್ಟು, ನಾಲ್ಕು ಹಗ್ಗ ಕಟ್ಟಿ ನಿಧಾನವಾಗಿ ಇಳಿಬಿಟ್ಟರು. ದೀಪ ಬಾಯಿ ದಾಟಿತು, ಮೆತ್ತಿದ ಗೋಡೆಯ ಮೇಲೆ ಯಾರದೋ ಬೆರಳ ಗೆರೆಗಳು ಒಂದು ಕ್ಷಣ ಕಂಡವು, ಇನ್ನೊಂದು ಮೊಳ ಇಳಿದದ್ದೇ ತಡ, ಜ್ವಾಲೆ ಬತ್ತಿಯಿಂದ ಮೇಲಕ್ಕೆ ಕಿತ್ತುಕೊಂಡಂತಾಗಿ ಆರಿಹೋಯಿತು. ಯಾರೂ ಮಾತನಾಡಲಿಲ್ಲ. ಅರ್ಧ ಗಂಟೆ ಕಾದು, ಮಧ್ಯೆ ಮಧ್ಯೆ ಗೋಣಿತಾಟು ಬೀಸಿ ಗಾಳಿ ಆಡಿಸಿ, ಅಜ್ಜಿ ಮತ್ತೆ ದೀಪ ಇಳಿಸಿದರು. ಈ ಸಲ ಅದು ಅಲುಗಾಡಿತು, ಆದರೆ ಆರಲಿಲ್ಲ, ತಳದವರೆಗೂ ಹೋಗಿ ಹುಲ್ಲಿನ ಮೇಲೆ ನಿಂತಿತು. ಆ ಮನೆಯವರು ಪದ್ಧತಿ ಬಿಡಬಾರದೆಂದು ಪ್ರತಿವರ್ಷ ಎರಡು ಚೀಲ ಜೋಳ ಹಾಕಿಡುತ್ತಾರೆ. ದೀಪದ ಬೆಳಕಿನಲ್ಲಿ ಅದು ಬೆಳ್ಳಗೆ ಕಂಡಿತು.

"ನಮ್ಮ ಅತ್ತೆಯ ಅತ್ತೆ ಹೇಳುತ್ತಿದ್ದರು, ದಂಡು ಬಂದಾಗ ಇದರ ಮೇಲೆ ಒಲೆ ಹೂಡಿ ಅಡುಗೆ ಮಾಡುತ್ತ ಕೂತಿದ್ದರಂತೆ. ಒಲೆಯ ಅಡಿಯಲ್ಲಿ ಯಾರು ಹುಡುಕುತ್ತಾರೆ ಹೇಳಿ" ಎಂದರು ಅಜ್ಜಿ. ಯಾರ ದಂಡು ಎಂದು ನಾನು ಕೇಳಿದೆ. "ಅದು ಅವರಿಗೆ ಗೊತ್ತಿರಲಿಲ್ಲಪ್ಪ. ಬರುವವರೆಲ್ಲ ಕಾಳು ಕೇಳುತ್ತಿದ್ದರು."

ಈ ಮಾತನ್ನು ನಾನು ಬಹಳ ಹೊತ್ತು ಯೋಚಿಸಿದೆ. 1791ರ ಕೊನೆಯಲ್ಲಿ ಮರಾಠಾ ಸರದಾರ ಪರಶುರಾಮ ಭಾವೂವಿನ ಸೈನ್ಯ ಶಿವಮೊಗ್ಗೆಯ ಮೇಲೆ ಬಿದ್ದಿತ್ತು, ಅದೇ ವರ್ಷ ಮರಾಠಾ ದಂಡಿನ ಜೊತೆಗಿದ್ದವರು ಶೃಂಗೇರಿ ಮಠವನ್ನೂ ಸುಲಿದಿದ್ದರು. ಎಂಟು ವರ್ಷದ ಮೇಲೆ ಧೋಂಡಿಯ ಬಂದ, ಅವನ ಬೆನ್ನಿಗೇ ಇಂಗ್ಲಿಷರು ಬಂದರು. ಇವರಲ್ಲಿ ಒಬ್ಬನನ್ನು ಮಾತ್ರ ದರೋಡೆಕೋರನೆಂದು ಕರೆದು ಉಳಿದವರನ್ನು ಸೇನಾಪತಿಗಳೆಂದು ಬರೆಯುವುದು ಧೋಂಡಿಯನಿಗೆ ಮಾಡುವ ಅನ್ಯಾಯವೆಂದು ಅವನ ಪರವಾಗಿ ಮಾತನಾಡುವವರು ಹೇಳುತ್ತಾರೆ, ಮತ್ತು ಆ ಮಾತಿನಲ್ಲಿ ಹುರುಳಿದೆ. ಆದರೆ ಅದರಿಂದ ಅವನು ಸುಲಿದದ್ದು ಸುಲಿಗೆಯಲ್ಲವೆಂದಾಗುವುದಿಲ್ಲ. ಒಲೆಯ ಮುಂದೆ ಕುಳಿತ ಆ ಹೆಂಗಸಿನ ಕಡೆಯಿಂದ ನೋಡಿದರೆ ದಂಡುಗಳ ನಡುವೆ ವ್ಯತ್ಯಾಸವಿರಲಿಲ್ಲ. ಧೋಂಡಿಯನ ಹಬ್ಬ ಮಾಡಬೇಕಾದರೆ ಅವಳ ಅಂಗಳದಲ್ಲಿಯೇ ಮಾಡಬೇಕು, ಈ ಊರಿನವರು ಹಾಗೆ ಮಾಡುತ್ತಿದ್ದಾರೆ. ನಾನು ಇವರ ಹಬ್ಬದ ವಿಷಯ ಬರೆಯಲು ಕೂತದ್ದು ಈ ಕಾರಣಕ್ಕೇ.

ರಾತ್ರಿ ನಾಟಕ. ಮೇಷ್ಟ್ರೇ ಬರೆದು ಊರಿನ ಹುಡುಗರಿಗೆ ಕಲಿಸಿದ್ದು. ಮೊದಲ ಅಂಕ ಶ್ರೀರಂಗಪಟ್ಟಣದ ಸೆರೆಮನೆ. ಎರಡನೆಯದು ಜುಲೈ ಕೊನೆಯಲ್ಲಿ ಮಲಪ್ರಭೆಯ ದಡದ ಮನೋಳಿಯ ಬಳಿ ವೆಲ್ಲೆಸ್ಲಿಯ ಸೈನ್ಯ ಧೋಂಡಿಯನ ಪಾಳೆಯದ ಮೇಲೆ ಬಿದ್ದದ್ದು. ಕೊನೆಯ ಅಂಕ 1800ರ ಸೆಪ್ಟೆಂಬರ್ 10, ರಾಯಚೂರು ಸೀಮೆಯ ಕೋಣಗಲ್ಲು. ಅಲ್ಲಿ ವೆಲ್ಲೆಸ್ಲಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ಏರಿಹೋದ. ಧೋಂಡಿಯ ಆ ಕಾಳಗದಲ್ಲಿ ಸತ್ತ. ಅವನ ಶವವನ್ನು ಫಿರಂಗಿಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಸಾಮಾನು ಸರಂಜಾಮುಗಳ ನಡುವೆ ನಾಲ್ಕು ವರ್ಷದ ಅವನ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಆ ಮಗುವನ್ನು ತನ್ನ ಗುಡಾರಕ್ಕೆ ಕರೆದುಕೊಂಡು ಹೋಗಿ ಸಾಕಿದ, ಹಿಂದೂಸ್ಥಾನ ಬಿಟ್ಟು ಹೋಗುವಾಗ ಅವನ ಪಾಲನೆಗೆ ಹಣ ಇಟ್ಟುಹೋದ. ಮುಂದೆ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಈ ವೆಲ್ಲೆಸ್ಲಿಯೇ.

ಸಲಾಬತನ ಪಾತ್ರಕ್ಕೆ ಅಂಗನವಾಡಿಯ ಒಬ್ಬ ಹುಡುಗನನ್ನು ಕರೆತಂದಿದ್ದರು. ಅವನು ಗಾಡಿಯ ಹುಲ್ಲಿನಲ್ಲಿ ಅಡಗಿದ್ದು, ವೆಲ್ಲೆಸ್ಲಿ ಬಂದು ಹುಲ್ಲು ಸರಿಸಿದಾಗ ಎದ್ದು ನಿಂತು ಅಳಬೇಕಾಗಿತ್ತು. ಹೊತ್ತು ಹನ್ನೆರಡು ದಾಟಿತ್ತು. ಹುಲ್ಲು ಸರಿಸಿದಾಗ ಮಗು ಗಾಢ ನಿದ್ರೆಯಲ್ಲಿತ್ತು, ಬಾಯಿ ಸ್ವಲ್ಪ ತೆರೆದು, ಕೈಯಲ್ಲಿ ಮರದ ಕತ್ತಿಯನ್ನು ಹಿಡಿದುಕೊಂಡು. ವೆಲ್ಲೆಸ್ಲಿಯ ವೇಷದ ಹುಡುಗ ಒಂದು ಕ್ಷಣ ತಡೆದು, ಮಾತು ಬಿಟ್ಟು, ಮಗುವನ್ನು ಹಾಗೆಯೇ ಹೆಗಲಿಗೆ ಹಾಕಿಕೊಂಡು ಮೆಲ್ಲನೆ ಒಳಗೆ ನಡೆದ. ಪರದೆ ಬಿತ್ತು. ನನ್ನ ಪಕ್ಕದಲ್ಲಿದ್ದ ತಾಂಡಾದ ನಾಯಕರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

ನಾಲ್ಕನೆಯ ದಿನ

ನಮ್ಮ ಬಸ್ಸು ಒಂಬತ್ತಕ್ಕೆ. ಆರು ಗಂಟೆಗೇ ಮೇಷ್ಟ್ರು ಬಂದು ಎಬ್ಬಿಸಿ, ಒಂದು ಕೆಲಸ ಉಳಿದಿದೆ, ಬನ್ನಿ ಎಂದರು. ಕೆರೆ ಏರಿಯ ಕೆಳಗೆ, ತೂಬಿನ ಪಕ್ಕದಲ್ಲಿ, ಸೊಂಟದ ತನಕ ಮಣ್ಣಿನಲ್ಲಿ ಹೂತ ಒಂದು ಕಲ್ಲು ಇತ್ತು. ಬಟ್ಟೆ ಒಗೆಯುವವರು ಅದರ ಮೇಲೆ ಬಟ್ಟೆ ಬಡಿದು ಬಡಿದು ನೆತ್ತಿ ನುಣುಪಾಗಿತ್ತು. ಕಳೆದ ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗಿ ಅದರ ಬದಿ ಕಂಡಾಗಲೇ ಅದು ವೀರಗಲ್ಲೆಂದು ಅವರಿಗೆ ತಿಳಿದದ್ದು. ಹಬ್ಬದ ಗಲಾಟೆ ಮುಗಿದ ಮೇಲೆ ನಾಲ್ಕು ಜನ ನಿಧಾನವಾಗಿ ತೆಗೆಯೋಣ ಎಂದು ಈ ದಿನಕ್ಕೆ ಇಟ್ಟುಕೊಂಡಿದ್ದರು.

ಸಲಿಕೆಯಿಂದ ಸುತ್ತಲಿನ ಮಣ್ಣು ಬಿಡಿಸಿದೆವು, ಕಲ್ಲನ್ನು ಅಲುಗಿಸಲಿಲ್ಲ. ಪ್ರಾಚ್ಯವಸ್ತು ಇಲಾಖೆಯವರು ನೋಡುವ ತನಕ ಅದು ಇದ್ದ ಜಾಗದಲ್ಲೇ ಇರಬೇಕೆಂಬುದು ಮೇಷ್ಟ್ರ ಕಟ್ಟಪ್ಪಣೆ. ಹುಡುಗ ಕೆರೆಯಿಂದ ಕೊಡಪಾನದಲ್ಲಿ ನೀರು ತಂದು ತಂದು ಸುರಿದ, ನಾನು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದೆ. ಮೇಲಿನ ಪಟ್ಟಿಕೆ ಪೂರ್ತಿ ಸವೆದಿತ್ತು, ಲಿಂಗವಿದ್ದ ಜಾಗದಲ್ಲಿ ಒಂದು ಉಬ್ಬು ಮಾತ್ರ. ನಡುವಿನ ಅಪ್ಸರೆಯರ ಕೈಗಳಷ್ಟೇ ಉಳಿದಿದ್ದವು. ಮಣ್ಣಿನಲ್ಲಿ ಹೂತಿದ್ದ ಕೆಳಗಿನ ಪಟ್ಟಿಕೆ ಮಾತ್ರ ನಿನ್ನೆ ಕೆತ್ತಿದಂತಿತ್ತು. ಬಿಲ್ಲು ಹಿಡಿದ ಒಬ್ಬನೇ ಮನುಷ್ಯ, ಎದುರಿಗೆ ಕುದುರೆಯ ಮೇಲೆ ಇಬ್ಬರು. ಅವನ ಹಿಂದೆ ಒಂದರ ಮೇಲೊಂದರಂತೆ ದನಗಳು, ಡುಬ್ಬ ಎತ್ತಿ, ಕೊಂಬು ಹಿಂದಕ್ಕೆ ಬಾಗಿಸಿ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿದ್ದ ಗುರುತು ಇತ್ತು, ಹೆಸರು ಓದುವಷ್ಟು ಉಳಿದಿರಲಿಲ್ಲ.

ಅಷ್ಟರಲ್ಲಿ ಹಗೇವಿನ ಮನೆಯ ಅಜ್ಜಿ ಕೆರೆಗೆ ಬಂದರು. ಒಗೆಯಲು ತಂದಿದ್ದ ಬಟ್ಟೆಯ ಬುಟ್ಟಿಯನ್ನು ಏರಿಯ ಮೇಲೆ ಇಳಿಸಿ, ಬಗ್ಗಿ, ದನಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿದರು. ಏಳು ಇದ್ದವು. "ಇಷ್ಟು ವರ್ಷ ಇದರ ಮೇಲೆ ಬಟ್ಟೆ ಬಡಿದೆನಲ್ಲ ಮೇಷ್ಟ್ರೇ" ಎಂದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬೊಗಸೆಯಲ್ಲಿ ನೀರು ತೆಗೆದು ಕಲ್ಲಿನ ಬುಡಕ್ಕೆ ಹೊಯ್ದರು. ಆಮೇಲೆ ಬುಟ್ಟಿಯನ್ನು ಎತ್ತಿಕೊಂಡು ಇನ್ನೂ ಮುಂದಿನ ಸೋಪಾನದ ಕಡೆಗೆ ನಡೆದರು.